ಪ್ರೋಗ್ರೆಸಿವ್ ರಾಕ್ ಪಟ್ಟಿಗೆ ಯಾರು ಸೇರಬೇಕು?

ಪ್ರಶ್ನೆ: ನಾನೂ ನನ್ನ ಗೆಳೆಯನೂ ಸೇರಿ ಪ್ರೋಗ್ರೆಸಿವ್ ರಾಕ್ (ಚುಟುಕಾಗಿ ‘ಪ್ರೋಗ್’; ಹಾಡನ್ನು ದೊಡ್ಡ ರಚನೆಯಾಗಿ ಕಟ್ಟುವ ರಾಕ್ ಪ್ರಕಾರ) ಬ್ಯಾಂಡುಗಳ ಪಟ್ಟಿಯೊಂದನ್ನು ಮಾಡುತ್ತಿದ್ದೇವೆ. ಯೆಸ್, ಜೆನೆಸಿಸ್, ಕಿಂಗ್ ಕ್ರಿಮ್ಸನ್ ವಿಷಯದಲ್ಲಿ ತಕರಾರಿಲ್ಲ. ಪಿಂಕ್ ಫ್ಲಾಯ್ಡ್, ಜೆತ್ರೊ ಟಲ್, ಕ್ವೀನ್, ರಶ್, ರೇಡಿಯೊಹೆಡ್ ಹತ್ತಿರ ಬಂದಾಗಲೆಲ್ಲ ಮಾತು ಜಗಳಕ್ಕೆ ತಿರುಗುತ್ತದೆ. ಒಂಬತ್ತು ನಿಮಿಷ ಮೀರಿದ ಹಾಡು, ಬೆಸ ಎಣಿಕೆಯ ತಾಳ, ಮೆಲೊಟ್ರಾನ್ ವಾದ್ಯ, ಒಂದೇ ಕಥೆ ಹೇಳುವ ಆಲ್ಬಂ: ಈ ನಾಲ್ಕರಲ್ಲಿ ಎರಡಿದ್ದರೆ ಆ ಬ್ಯಾಂಡು ಪ್ರೋಗ್ ಎನ್ನುವುದು ಅವನ ಲೆಕ್ಕ. ಈ ಅಳತೆ ಸರಿಯೇ? ಇಲ್ಲದಿದ್ದರೆ ಯಾವುದನ್ನು ನಂಬಬೇಕು?

ಉತ್ತರ: ನಿಮ್ಮ ಗೆಳೆಯರ ಅಳತೆಯನ್ನು ಒಮ್ಮೆ ಪ್ರಯೋಗಿಸಿಯೇ ನೋಡೋಣ. ಆಲ್‌ಮನ್ ಬ್ರದರ್ಸ್ ಬ್ಯಾಂಡಿನ ‘ವಿಪಿಂಗ್ ಪೋಸ್ಟ್’ ಶುರುವಾಗುವುದೇ ಹನ್ನೊಂದು ಎಣಿಕೆಯ, ಮತ್ತೆ ಮತ್ತೆ ಬರುವ ಸ್ವರಗುಚ್ಛದಿಂದ, ಅಂದರೆ ರಿಫ್‌ನಿಂದ. 1971ರ ‘ಅಟ್ ಫಿಲ್‌ಮೋರ್ ಈಸ್ಟ್’ ಆಲ್ಬಂನಲ್ಲಿ ಅದು ಸುಮಾರು 23 ನಿಮಿಷ ಓಡಿ ಗ್ರಾಮಫೋನ್ ತಟ್ಟೆಯ, ಅಂದರೆ ಎಲ್‌ಪಿಯ ಒಂದು ಮಗ್ಗುಲನ್ನೇ ತುಂಬುತ್ತದೆ. ಬೆಸ ತಾಳವೂ ಇದೆ, ಉದ್ದವೂ ಇದೆ. ಗ್ರೀನ್ ಡೇ ಬ್ಯಾಂಡಿನ 2004ರ ‘ಅಮೆರಿಕನ್ ಈಡಿಯಟ್’ ಒಂದೇ ಕಥೆಯ ಆಲ್ಬಂ. ಅದರೊಳಗಿನ ‘ಜೀಸಸ್ ಆಫ್ ಸಬರ್ಬಿಯಾ’ ಐದು ಭಾಗಗಳಲ್ಲಿ ಒಂಬತ್ತು ನಿಮಿಷ ದಾಟುತ್ತದೆ. ಲೆಕ್ಕದ ಪ್ರಕಾರ ಬ್ಲೂಸ್ ರಾಕ್‌ನವರೂ ಪಂಕ್‌ನವರೂ ಒಳಗೆ ಬಂದರು. ಈಗ ಕಿಂಗ್ ಕ್ರಿಮ್ಸನ್‌ನ 1981ರ ‘ಡಿಸಿಪ್ಲಿನ್’ ತೆಗೆದುಕೊಳ್ಳಿ. ಬೆಸ ತಾಳ ಧಾರಾಳವಾಗಿದೆ, ಸರಿ. ಆದರೆ ಮೆಲೊಟ್ರಾನ್ ಇಲ್ಲ, ಕಥೆ ಇಲ್ಲ, ಒಂಬತ್ತು ನಿಮಿಷ ಮುಟ್ಟುವ ಹಾಡೂ ಇಲ್ಲ. ಅದು ಹೊರಗೆ. ಜೆಂಟಲ್ ಜೈಂಟ್ ಬ್ಯಾಂಡಿನ ‘ನಾಟ್ಸ್’ ನಾಲ್ಕು ನಿಮಿಷದ ಆಸುಪಾಸಿನ ಹಾಡು; ನಾಲ್ಕು ಕಂಠಗಳು ಒಂದರ ಬೆನ್ನಿಗೊಂದು ಬಂದು ಹೆಣೆದುಕೊಳ್ಳುತ್ತವೆ. 1972ರ ಆ ಹಾಡಿನಷ್ಟು ಪ್ರೋಗ್ ಆದದ್ದು ಸಿಗುವುದು ಕಷ್ಟ. ಆದರೂ ಈ ಲೆಕ್ಕದಲ್ಲಿ ಅದಕ್ಕೂ ಜಾಗವಿಲ್ಲ. ಬರಬೇಕಾದವರನ್ನು ಬಾಗಿಲಲ್ಲೇ ತಡೆದು ಬರಬಾರದವರಿಗೆ ಮಣೆ ಹಾಕುವ ಅಳತೆಯನ್ನು ಕೈಬಿಡುವುದೇ ಒಳ್ಳೆಯದು.

ಹಾಗೆಂದು ಆ ನಾಲ್ಕು ಗುರುತುಗಳು ಸುಳ್ಳೆಂದು ನಾನು ಹೇಳುವುದಿಲ್ಲ. 1970ರ ದಶಕದ ಮೊದಲರ್ಧದ ಪ್ರೋಗ್ ಆಲ್ಬಂಗಳಲ್ಲಿ ಅವು ಮತ್ತೆ ಮತ್ತೆ ಕಾಣುತ್ತವೆ. ಅವು ಅಲ್ಲಿಗೆ ಬಂದದ್ದು ಹೇಗೆ ಎಂಬುದನ್ನು ನೋಡಬೇಕು. ಎಲ್‌ಪಿಯ ಒಂದು ಮಗ್ಗುಲಿನಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷದ ಸಂಗೀತ ಹಿಡಿಯುತ್ತಿತ್ತು. ದೊಡ್ಡ ರಚನೆಗೆ ಕೈಹಾಕಿದವರಿಗೆ ಅಡೆತಡೆಯಿಲ್ಲದೆ ಸಿಗುತ್ತಿದ್ದ ಅತಿ ದೊಡ್ಡ ಜಾಗ ಅದೇ. ಎಮರ್ಸನ್, ಲೇಕ್ ಅಂಡ್ ಪಾಮರ್ (ಇಎಲ್‌ಪಿ) ತಂಡದ ‘ಟಾರ್ಕಸ್’ 20 ನಿಮಿಷ ದಾಟುತ್ತದೆ, ರಶ್‌ನ ‘2112’ ಕೂಡ ಅಷ್ಟೇ. ಜೆನೆಸಿಸ್‌ನ ‘ಸಪರ್ಸ್ ರೆಡಿ’ 23ರ ಹತ್ತಿರ, ಪಿಂಕ್ ಫ್ಲಾಯ್ಡ್‌ನ ‘ಎಕೋಸ್’ 23ರ ಮೇಲೆ. ಇವರೆಲ್ಲ ಒಂದೇ ಉದ್ದಕ್ಕೆ ಬಂದು ನಿಂತದ್ದಕ್ಕೆ ಕಾರಣ ತಟ್ಟೆಯ ಅಂಚು. ಸಿ.ಡಿ. ಬಂದ ಮೇಲೆ ಆ ಅಂಚು ದೂರ ಸರಿಯಿತು. 2009ರಲ್ಲಿ ಟ್ರಾನ್ಸ್‌ಅಟ್ಲಾಂಟಿಕ್ ಬ್ಯಾಂಡು ‘ದ ವರ್ಲ್‌ವಿಂಡ್’ ಎಂಬ 77 ನಿಮಿಷದ ಒಂದೇ ರಚನೆಯನ್ನು ಹೊರತಂದಿತು. ಜಾಗ ಸಲೀಸಾಗಿ ಸಿಗತೊಡಗಿದಾಗ ಉದ್ದದಿಂದ ಏನನ್ನೂ ಊಹಿಸಲಾಗದು.

ಮೆಲೊಟ್ರಾನ್ ಕಥೆಯೂ ಇದೇ ತರಹದ್ದು. ಅದರ ಪ್ರತಿ ಕೀಲಿಯ ಹಿಂದೆ ಒಂದು ಟೇಪಿನ ಪಟ್ಟಿ. ಅದರಲ್ಲಿ ಮೊದಲೇ ಧ್ವನಿಮುದ್ರಿಸಿದ ಪಿಟೀಲು, ಕೊಳಲು ಅಥವಾ ಗಾಯಕವೃಂದದ ಒಂದು ಸ್ವರ. ಕೀಲಿ ಒತ್ತಿದರೆ ಸುಮಾರು ಎಂಟು ಸೆಕೆಂಡು ನುಡಿದು ನಿಲ್ಲುತ್ತದೆ. ನಾಲ್ಕೈದು ಜನರ ತಂಡ ವಾದ್ಯವೃಂದದ ಬಣ್ಣವನ್ನು ವೇದಿಕೆಗೆ ತರಲು ಆಗ ಇದ್ದ ದಾರಿ ಅದು. ದೊಡ್ಡ ಹರಹಿನ ಸಂಗೀತಕ್ಕೆ ಆ ಬಣ್ಣ ಬೇಕಿತ್ತು, ಅದಕ್ಕೇ ಪ್ರೋಗ್ ಬ್ಯಾಂಡುಗಳು ಅದನ್ನು ಹೊತ್ತು ತಿರುಗಿದವು. ಆದರೆ ಬೀಟಲ್ಸ್‌ನ 1967ರ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಡಿನ ಆರಂಭದ ಕೊಳಲಿನ ದನಿಯೂ ಮೆಲೊಟ್ರಾನೇ. ಲೆಡ್ ಝೆಪ್ಲಿನ್‌ನ 1973ರ ‘ದ ರೈನ್ ಸಾಂಗ್’ನಲ್ಲಿ ತುಂಬಿರುವ ತಂತಿವಾದ್ಯದ ದನಿಯೂ ಅದೇ. ಬೇಕಾದವರು ಬೇಕಾದಾಗ ಬಳಸಿಕೊಂಡ ವಾದ್ಯ.

ಹಾಗಾದರೆ ನಾನು ಏನನ್ನು ನೋಡುತ್ತೇನೆ? ಹಾಡಿನ ಕಟ್ಟಡವನ್ನು. ಸಾಮಾನ್ಯ ರಾಕ್ ಹಾಡು ಚರಣ, ಕೋರಸ್ (ಮರುಕಳಿಸುವ ಪಲ್ಲವಿ), ಚರಣ, ಕೋರಸ್, ನಡುವೆ ಒಂದು ಗಿಟಾರ್ ಸೋಲೋ ಎಂದು ಸಾಗುತ್ತದೆ. ಎರಡನೆಯ ಸಲ ಬರುವ ಕೋರಸ್ ಮೊದಲ ಸಲದ ಕೋರಸ್ಸೇ. ಪ್ರೋಗ್ ರಚನೆಯಲ್ಲಿ ಒಂದು ರಾಗದ ಎಳೆ ಎಲ್ಲೋ ಹುಟ್ಟಿ, ಬೇರೆ ತಾಳಕ್ಕೆ, ಬೇರೆ ವಾದ್ಯಕ್ಕೆ, ಬೇರೆ ಭಾವಕ್ಕೆ ದಾಟಿ, ಕೊನೆಯಲ್ಲಿ ಮರಳುವಾಗ ನಡುವೆ ನಡೆದುದೆಲ್ಲವನ್ನೂ ಹೊತ್ತುಕೊಂಡು ಬರುತ್ತದೆ. ಅದನ್ನು ಮೊದಲೇ ಯೋಚಿಸಿ ಕಟ್ಟಿರುತ್ತಾರೆ. ಜೊತೆಗೆ ಅದರಲ್ಲಿ ರಾಕ್‌ನ ಹೊಡೆತ ಇರಬೇಕು: ಡ್ರಮ್ಸ್, ಬೇಸ್, ವಿದ್ಯುತ್ ವಾದ್ಯಗಳ ಒತ್ತಡ. ಅದಿಲ್ಲದಿದ್ದರೆ ಅದು ಬೇರೆ ಯಾವುದೋ ಒಳ್ಳೆಯ ಸಂಗೀತ.

ಇದನ್ನು ಪರೀಕ್ಷಿಸಲು ಸುಲಭದ ಉಪಾಯವಿದೆ. ಹಾಡಿನ ಅತಿ ಉದ್ದದ ಅಥವಾ ಅತಿ ವಿಚಿತ್ರವಾದ ಭಾಗವನ್ನು ಮನಸ್ಸಿನಲ್ಲೇ ಕಿತ್ತುಬಿಡಿ. ಉಳಿದದ್ದು ಅದೇ ಹಾಡಾಗಿ ನಿಂತರೆ ಕಿತ್ತದ್ದು ಅಲಂಕಾರ. ಉಳಿದದ್ದಕ್ಕೆ ಅರ್ಥವೇ ಇಲ್ಲವಾದರೆ ಅದು ಕಂಬ. ‘ವಿಪಿಂಗ್ ಪೋಸ್ಟ್’ ವಿಷಯದಲ್ಲಿ ಈ ಪರೀಕ್ಷೆಯನ್ನು ಬ್ಯಾಂಡಿನವರೇ ಮಾಡಿಟ್ಟಿದ್ದಾರೆ. 1969ರ ಸ್ಟುಡಿಯೋ ಆವೃತ್ತಿ ಐದು ನಿಮಿಷ ಚಿಲ್ಲರೆ. ವೇದಿಕೆಯ 23 ನಿಮಿಷದ ಆವೃತ್ತಿಯೂ ಅದೇ ಹಾಡು. ಹೆಚ್ಚಿಗೆ ಬಂದದ್ದು ಆ ಕ್ಷಣದಲ್ಲಿ ಹುಟ್ಟಿದ ಮನೋಧರ್ಮದ ವಾದನ. ಅದ್ಭುತವಾದ ವಾದನ, ನಾನು ಅದನ್ನು ಪ್ರಾಣದಷ್ಟು ಪ್ರೀತಿಸುತ್ತೇನೆ. ಆದರೆ ಮರುದಿನ ಅದು ಹದಿನೈದು ನಿಮಿಷವಾದರೂ ಹಾಡಿಗೆ ಏನೂ ಆಗುವುದಿಲ್ಲ.

ಈಗ ಯೆಸ್ ಬ್ಯಾಂಡಿನ 1972ರ ‘ಕ್ಲೋಸ್ ಟು ದ ಎಡ್ಜ್’ ಕೇಳಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಪ್ರೋಗ್ ಎಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಮೊದಲು ಕೈಗೆ ಕೊಡುವುದು ಇದನ್ನೇ. 18 ನಿಮಿಷ ಮೀರಿದ ನಾಲ್ಕು ಭಾಗಗಳ ರಚನೆ. ಹಕ್ಕಿಗಳ ದನಿ, ಹರಿಯುವ ನೀರಿನ ಸದ್ದು. ಅದರೊಳಗಿಂದ ಇಡೀ ಬ್ಯಾಂಡು ಒಮ್ಮೆಲೇ ಸ್ಫೋಟಿಸಿದಂತೆ ಬರುತ್ತದೆ. ಸ್ಟೀವ್ ಹೌ ಅವರ ಗಿಟಾರ್ ಒಂದು ಕಡೆ ಎಳೆದರೆ ಕ್ರಿಸ್ ಸ್ಕ್ವೈರ್ ಅವರ ಬೇಸ್ ಇನ್ನೊಂದು ಕಡೆ. ಮೊದಲ ಸಲ ಕೇಳುವವರಿಗೆ ಇವರೆಲ್ಲ ಒಂದೇ ಹಾಡು ನುಡಿಸುತ್ತಿದ್ದಾರೆಯೇ ಎಂದು ಅನುಮಾನ ಬರುತ್ತದೆ. ಆ ಗೊಂದಲ ತಿಳಿಯಾದಾಗ ಮುಖ್ಯ ರಾಗ ಹೊರಬರುತ್ತದೆ, ಆಮೇಲೆ ಚರಣಗಳು. ಎರಡನೆಯ ಭಾಗದಲ್ಲಿ ಅದೇ ಚರಣದ ರಾಗ ಮರಳುತ್ತದೆ, ಆದರೆ ಅದರ ಕೆಳಗಿನ ಬೇಸ್ ಮತ್ತು ಡ್ರಮ್ಸ್ ಬೇರೆಯೇ ನಡಿಗೆ ಹಿಡಿದಿರುತ್ತವೆ. ಚರಣಗಳ ತುದಿಯಲ್ಲಿ ಸಣ್ಣದಾಗಿ ಹಾದುಹೋಗಿದ್ದ ‘ಐ ಗೆಟ್ ಅಪ್, ಐ ಗೆಟ್ ಡೌನ್’ ಎಂಬ ಸಾಲು ಮೂರನೆಯ ಭಾಗದಲ್ಲಿ ತಾನೇ ಒಂದು ಲೋಕವಾಗಿ ಹರಡಿಕೊಳ್ಳುತ್ತದೆ. ಅಲ್ಲಿ ಡ್ರಮ್ಸ್ ಇಲ್ಲ. ಎರಡು ಪದರದ ಗಾಯನ ನಿಧಾನವಾಗಿ ಏರುತ್ತಾ ಹೋಗಿ, ಲಂಡನ್ನಿನ ಸೇಂಟ್ ಜೈಲ್ಸ್ ಕ್ರಿಪಲ್‌ಗೇಟ್ ಚರ್ಚಿನಲ್ಲಿ ರಿಕ್ ವೇಕ್‌ಮನ್ ನುಡಿಸಿದ ಪೈಪ್ ಆರ್ಗನ್‌ಗೆ ಬಾಗಿಲು ತೆರೆಯುತ್ತದೆ. ಆನಂತರ ಆರಂಭದ ಮಿಂಚು ಮತ್ತೆ ಹೊಡೆಯುತ್ತದೆ, ಹ್ಯಾಮಂಡ್ ಆರ್ಗನ್ ಸೋಲೋ ಓಡುತ್ತದೆ, ಕೊನೆಯ ಚರಣ ಬರುತ್ತದೆ. ಆ ಚರಣದ ರಾಗ ನಮಗೆ ಗೊತ್ತಿರುವುದೇ, ಆದರೆ ಈ ಸಲ ಅದು ಬೆಟ್ಟದ ತುದಿ ಮುಟ್ಟಿದಂತೆ ಕೇಳುತ್ತದೆ.

ಇದರಿಂದ ಮೂರನೆಯ ಭಾಗವನ್ನು ಕಿತ್ತು ನೋಡಿ. ಕೊನೆಯ ಚರಣ ಬರಿಯ ಪುನರಾವರ್ತನೆಯಾಗುತ್ತದೆ. ಆ ನಿಧಾನದ ಭಾಗವನ್ನು ದಾಟಿ ಬಂದದ್ದರಿಂದಲೇ ಅದಕ್ಕೆ ಅಷ್ಟು ಎತ್ತರ. ಮೊದಲ ಭಾಗದಲ್ಲಿ ಆ ಪುಟ್ಟ ಸಾಲು ಇಲ್ಲದಿದ್ದರೆ ಮೂರನೆಯ ಭಾಗ ಎಲ್ಲಿಂದಲೋ ಬಂದ ಅತಿಥಿ. ಯಾವುದನ್ನು ಮುಟ್ಟಿದರೂ ಇನ್ನೊಂದು ಅಲುಗುತ್ತದೆ. ‘ಜೀಸಸ್ ಆಫ್ ಸಬರ್ಬಿಯಾ’ದ ಐದು ಭಾಗಗಳು ಹೀಗಿಲ್ಲ. ಅವು ಒಂದೊಂದೂ ಚುರುಕಾದ ಪಂಕ್ ಹಾಡುಗಳು. ಕಥೆಯ ದಾರ ಅವನ್ನು ಸೇರಿಸಿದೆ. ಒಂದನ್ನು ಬಿಡಿಸಿ ಹೊರಗಿಟ್ಟರೂ ಅದು ಹಾಡಾಗಿ ಬಾಳುತ್ತದೆ. ಪೋಣಿಸಿದ್ದಕ್ಕೂ ಬೆಳೆದದ್ದಕ್ಕೂ ಇರುವ ಈ ಅಂತರ ಕಿವಿಗೆ ಒಮ್ಮೆ ಹತ್ತಿದರೆ ನಿಮ್ಮ ಜಗಳಗಳಲ್ಲಿ ಮುಕ್ಕಾಲು ಪಾಲು ತಾವಾಗಿ ಇತ್ಯರ್ಥವಾಗುತ್ತವೆ.

ಈ ಅಂತರ ಚರಿತ್ರೆಯಲ್ಲಿ ಎಲ್ಲಿ ಮೂಡಿತೆಂದು ತೋರಿಸಲು 1969ರ ಮೂರು ದಿನಾಂಕಗಳು ಸಾಕು. ಸೆಪ್ಟೆಂಬರ್ 24ರಂದು ಡೀಪ್ ಪರ್ಪಲ್ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಾಯಲ್ ಫಿಲಾರ್ಮನಿಕ್ ವಾದ್ಯವೃಂದದೊಂದಿಗೆ ತನ್ನ ಕೀಬೋರ್ಡ್ ವಾದಕ ಜಾನ್ ಲಾರ್ಡ್ ಬರೆದ ಕನ್ಚೆರ್ಟೊವನ್ನು (ವಾದ್ಯವೃಂದದೆದುರು ಬೇರೆ ವಾದಕರು ನುಡಿಸುವ ಶಾಸ್ತ್ರೀಯ ರಚನೆ) ನುಡಿಸಿತು. ಹೆಚ್ಚಿನ ಕಡೆ ವಾದ್ಯವೃಂದ ಒಂದು ಸರದಿ, ಬ್ಯಾಂಡು ಒಂದು ಸರದಿ. ಎರಡೂ ಎದುರುಬದುರು ನಿಂತಿವೆ. ಸೆಪ್ಟೆಂಬರ್ 26ರಂದು ಬೀಟಲ್ಸ್‌ನ ‘ಆ್ಯಬಿ ರೋಡ್’ ಬಂತು. ಅದರ ಎರಡನೆಯ ಮಗ್ಗುಲಿನಲ್ಲಿ ತುಂಡು ಹಾಡುಗಳ ಸರಮಾಲೆಯಿದೆ, ಆದರೆ ‘ಯು ನೆವರ್ ಗಿವ್ ಮೀ ಯುವರ್ ಮನಿ’ಯ ರಾಗ ‘ಕ್ಯಾರಿ ದಟ್ ವೆಯ್ಟ್’ನಲ್ಲಿ ಇದ್ದಕ್ಕಿದ್ದಂತೆ ಮರಳಿ ಬಂದು ಮೈ ಜುಮ್ಮೆನ್ನಿಸುತ್ತದೆ. ಅದು ಬೀಜ. ಅಕ್ಟೋಬರ್ 10ರಂದು ‘ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್’ ಹೊರಬಂತು. ಅದರ ಮೊದಲ ಹಾಡು ‘21ಸ್ಟ್ ಸೆಂಚುರಿ ಸ್ಕಿಜಾಯ್ಡ್ ಮ್ಯಾನ್’ ಏಳು ನಿಮಿಷದಷ್ಟು. ಭಾರವಾದ ರಿಫ್, ಒಡೆದುಹೋದಂತಿರುವ ಕಂಠ, ಅಲ್ಲಿಂದ ಓಟಕ್ಕೆ ಬಿದ್ದು, ಗಿಟಾರ್, ಸ್ಯಾಕ್ಸೊಫೋನ್, ಬೇಸ್, ಡ್ರಮ್ಸ್ ನಾಲ್ಕೂ ಒಂದೇ ಉಸಿರಿನಲ್ಲಿ ನಿಂತು ನಿಂತು ಹಾರುವ ಆ ಭಾಗ, ಮತ್ತೆ ರಿಫ್, ಕೊನೆಗೆ ಎಲ್ಲವೂ ಕುಸಿದು ಗದ್ದಲವಾಗುವುದು. ಇಲ್ಲಿ ರಾಕ್ ಮತ್ತು ಜಾಝ್ ಸರದಿ ಕಾಯುತ್ತಾ ನಿಂತಿಲ್ಲ, ಒಂದರೊಳಗೊಂದು ಬೆಸೆದುಕೊಂಡಿವೆ. ಹದಿನಾರು ದಿನಗಳ ಅಂತರದ ಈ ಮೂರನ್ನೂ ಅದೇ ಕ್ರಮದಲ್ಲಿ ಕೇಳಿ ನೋಡಿ. ಡೀಪ್ ಪರ್ಪಲ್ ಮತ್ತು ಬೀಟಲ್ಸ್ ನಿಮ್ಮ ಪಟ್ಟಿಯಲ್ಲಿ ಏಕಿರಬಾರದು, ಆದರೂ ಅವರಿಲ್ಲದೆ ಪಟ್ಟಿಯೇ ಏಕೆ ಹುಟ್ಟುತ್ತಿರಲಿಲ್ಲ ಎಂಬುದು ನನ್ನ ವಿವರಣೆ ಬೇಡದೆಯೇ ತಿಳಿಯುತ್ತದೆ.

ನೀವು ಬ್ಯಾಂಡುಗಳ ಪಟ್ಟಿ ಮಾಡುತ್ತಿದ್ದೀರಿ. ಜಗಳಕ್ಕೆ ಅದೂ ಒಂದು ಕಾರಣ. ಬ್ಯಾಂಡು ಹತ್ತಿಪ್ಪತ್ತು ವರ್ಷ ಬದುಕುತ್ತದೆ, ಮನಸ್ಸು ಬದಲಾಯಿಸುತ್ತದೆ. ಆಲ್ಬಂ ಹಿಡಿದು ತೂಗಿ. ಜೆನೆಸಿಸ್ ಬಗ್ಗೆ ತಕರಾರಿಲ್ಲ ಎಂದಿದ್ದೀರಿ, ಆದರೆ ಯಾವ ಜೆನೆಸಿಸ್? 1975ರಲ್ಲಿ ಗಾಯಕ ಪೀಟರ್ ಗೇಬ್ರಿಯಲ್ ಬಿಟ್ಟುಹೋದಾಗಲೇ ಅವರ ಪ್ರೋಗ್ ಮುಗಿಯಿತು ಎಂಬ ಮಾತು ಬಹಳ ಕೇಳಿಬರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. 1976ರ ‘ಎ ಟ್ರಿಕ್ ಆಫ್ ದ ಟೇಲ್’ನ ಕೊನೆಯ ಹಾಡು ‘ಲಾಸ್ ಎಂಡೋಸ್’ ಅದೇ ಆಲ್ಬಂನ ಹಿಂದಿನ ಹಾಡುಗಳ ರಾಗಗಳನ್ನು ಒಟ್ಟುಗೂಡಿಸಿ ಬೇರೆಯೇ ವೇಗದಲ್ಲಿ ಓಡಿಸುತ್ತದೆ. 1980ರ ‘ಡ್ಯೂಕ್’ ಹೊತ್ತಿಗೆ ಬ್ಯಾಂಡು ಎರಡು ದೋಣಿಯಲ್ಲಿ ಕಾಲಿಟ್ಟಿದೆ. ಮೊದಲ ಹಾಡಿನ ರಾಗ ಕೊನೆಯ ಹಾಡಿನಲ್ಲಿ ಮರಳುತ್ತದೆ. ನಡುವಿನ ಹಲವು ಹಾಡುಗಳು ನೇರ ಪಾಪ್. ಅದರಲ್ಲೇ ಇರುವ ‘ಟರ್ನ್ ಇಟ್ ಆನ್ ಅಗೇನ್’ ಹದಿಮೂರು ಎಣಿಕೆಯ ಚಕ್ರದಲ್ಲಿ ಸುತ್ತುತ್ತದೆ, ಕುಣಿಯಹೊರಟವರ ಹೆಜ್ಜೆ ತಪ್ಪಿಸುತ್ತದೆ, ಆದರೂ ಅದು ಪಾಪ್ ಹಾಡೇ. ಬ್ರಿಟನ್ನಿನಲ್ಲಿ ಹಿಟ್ ಕೂಡ ಆಯಿತು. 1986ರ ‘ಇನ್‌ವಿಸಿಬಲ್ ಟಚ್’ ಅನ್ನು ಪಟ್ಟಿಗೆ ಸೇರಿಸಲು ನನಗೆ ಕಾರಣ ಕಾಣುವುದಿಲ್ಲ, ಅದರ ‘ಡಾಮಿನೋ’ ಹತ್ತು ನಿಮಿಷ ಓಡಿದರೂ ಸಹ. 1978ರಿಂದ 1986ರವರೆಗೆ ಬ್ಯಾಂಡಿನಲ್ಲಿದ್ದವರು ಅದೇ ಮೂವರು: ಬ್ಯಾಂಕ್ಸ್, ಕಾಲಿನ್ಸ್, ರದರ್‌ಫರ್ಡ್. ಜನರನ್ನು ನೋಡಿ ತೀರ್ಪು ಕೊಡಲಾಗದು ಎನ್ನುವುದಕ್ಕೆ ಇನ್ನೇನು ಬೇಕು? ಬೇಕಿದ್ದರೆ ಏಷ್ಯಾ ಬ್ಯಾಂಡನ್ನೂ ನೋಡಿ. ಯೆಸ್‌ನಿಂದ ಸ್ಟೀವ್ ಹೌ ಮತ್ತು ಜೆಫ್ ಡೌನ್ಸ್, ಕಿಂಗ್ ಕ್ರಿಮ್ಸನ್‌ನಿಂದ ಜಾನ್ ವೆಟನ್, ಇಎಲ್‌ಪಿಯಿಂದ ಕಾರ್ಲ್ ಪಾಮರ್. 1982ರ ಅವರ ಮೊದಲ ಆಲ್ಬಂ ಗಟ್ಟಿಯಾದ ಕೋರಸ್‌ಗಳ ರೇಡಿಯೋ ರಾಕ್.

ರಶ್ ಹೋದದ್ದು ತಿರುಗು ದಾರಿಯಲ್ಲಿ. 1974ರ ಮೊದಲ ಆಲ್ಬಂ ಝೆಪ್ಲಿನ್ ನೆರಳಿನ ಹಾರ್ಡ್ ರಾಕ್. ನೀಲ್ ಪಿಯರ್ಟ್ ಡ್ರಮ್ಸ್‌ಗೆ ಬಂದ ಮೇಲೆ ಬ್ಯಾಂಡು ಬೆಳೆಯುತ್ತಾ 1976ರ ‘2112’, 1978ರ ‘ಹೆಮಿಸ್ಫಿಯರ್ಸ್’ಗೆ ಮುಟ್ಟಿತು. 1981ರ ‘ಮೂವಿಂಗ್ ಪಿಕ್ಚರ್ಸ್’ನಲ್ಲಿ ಹಾಡುಗಳು ಚಿಕ್ಕವಾದವು, ಆದರೆ ಕಟ್ಟುವ ಬುದ್ಧಿ ಹಾಗೇ ಉಳಿಯಿತು. ‘ವೈವೈಝಡ್’ ಎಂಬ ವಾದ್ಯರಚನೆಯ ಆರಂಭದ ಲಯ ಟೊರಾಂಟೊ ವಿಮಾನ ನಿಲ್ದಾಣದ ಸಂಕೇತಾಕ್ಷರಗಳ ಮೋರ್ಸ್ ಕೋಡ್. ನಾಲ್ಕೂವರೆ ನಿಮಿಷದೊಳಗೆ ಅದು ಎಷ್ಟು ತಿರುವು ತೆಗೆದುಕೊಳ್ಳುತ್ತದೆ ಎಂದರೆ ಕೆಲವರ ಇಪ್ಪತ್ತು ನಿಮಿಷ ಅದರ ಮುಂದೆ ತೆಳುವೆನಿಸುತ್ತದೆ. 1976ರಿಂದ 1981ರವರೆಗಿನ ರಶ್ ಅನ್ನು ಯಾವ ಅಳುಕೂ ಇಲ್ಲದೆ ಸೇರಿಸಿ.

ಪಿಂಕ್ ಫ್ಲಾಯ್ಡ್ ಬಗ್ಗೆ ಜಗಳವಾಗುವುದು ಸಹಜ. ಯೆಸ್ ಅಥವಾ ಜೆಂಟಲ್ ಜೈಂಟ್ ತರಹ ಬೆರಳಿನ ಚಮತ್ಕಾರ ಅವರಲ್ಲಿಲ್ಲ. ಸ್ವರಮೇಳಗಳು ಸರಳ, ನಡಿಗೆ ನಿಧಾನ, ಗಿಟಾರ್‌ನಲ್ಲಿ ಬ್ಲೂಸ್ ರಕ್ತ. ‘ಮನಿ’ ಏಳೆಣಿಕೆಯಲ್ಲಿ ಸಾಗುತ್ತದೆ, ಆದರೆ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅವರ ಸೋಲೋ ಬಂದಾಗ ಸಲೀಸಾದ ನಾಲ್ಕಕ್ಕೆ ಇಳಿಯುತ್ತದೆ. ಆ ಏಳೆಣಿಕೆಯನ್ನೇ ಸಾಕ್ಷಿಯಾಗಿ ತೋರಿಸುವವರು ತಪ್ಪು ಕಡೆ ನೋಡುತ್ತಿದ್ದಾರೆ. ನಾನು ತೋರಿಸುವುದು 1971ರ ‘ಎಕೋಸ್’. ಪಿಯಾನೋದ ಒಂದೇ ಒಂದು ಸ್ವರ ನೀರೊಳಗಿಂದ ಬಂದಂತೆ ಮಿಡಿಯುತ್ತದೆ. ಅದರಿಂದ ಚರಣಗಳು ಹುಟ್ಟುತ್ತವೆ, ಚರಣದಿಂದ ಹದವಾದ ಲಯದ ಒಂದು ನಡೆ, ಆ ನಡೆ ಕರಗಿ ಗಿಟಾರ್‌ನ ಚೀರಾಟದ ಕತ್ತಲು. ಆ ಕತ್ತಲಿನಿಂದ ಅದೇ ಒಂಟಿ ಸ್ವರ ಮತ್ತೆ ಮಿಡಿದಾಗ ಆಗುವ ಬಿಡುಗಡೆಗಾಗಿಯೇ ಇಡೀ ರಚನೆ ಇದೆ. 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಂ ಇದೇ ಬುದ್ಧಿಯನ್ನು ಎರಡೂ ಮಗ್ಗುಲಿಗೆ ಹರಡುತ್ತದೆ: ಹೃದಯ ಬಡಿತದಿಂದ ಶುರು, ಹೃದಯ ಬಡಿತದಲ್ಲಿ ಕೊನೆ, ‘ಟೈಮ್’ ಹಾಡಿನ ತುದಿಗೆ ‘ಬ್ರೀದ್’ ಮರಳುವುದು. 1970ರಿಂದ 1977ರ ‘ಅನಿಮಲ್ಸ್’ವರೆಗೆ ಫ್ಲಾಯ್ಡ್ ಒಳಗೆ. 1967ರ ಮೊದಲ ಆಲ್ಬಂ ಸೈಕೆಡೆಲಿಕ್ ರಾಕ್. 1979ರ ‘ದ ವಾಲ್’ ಬಗ್ಗೆ ನನ್ನ ನಿಲುವು ಅನೇಕರಿಗೆ ರುಚಿಸದು: ಅಲ್ಲಿ ಕಥೆಯ ಭಾರವನ್ನು ಹೊತ್ತಿರುವುದು ಸಾಹಿತ್ಯ ಮತ್ತು ರಂಗಕಲ್ಪನೆ, ಒಂದೆರಡು ರಾಗಗಳು ಮರಳಿ ಬಂದರೂ ಬಹುಪಾಲು ಅದು ಚಿಕ್ಕ ಹಾಡುಗಳ ನಾಟಕ. ಅಂಚಿನಲ್ಲಿಡಿ.

ಜೆತ್ರೊ ಟಲ್ ವಿಚಾರದಲ್ಲಿ ಆಲ್ಬಂ ಹೆಸರೇ ಉತ್ತರ. 1968ರಲ್ಲಿ ಬ್ಲೂಸ್ ಬ್ಯಾಂಡು. 1971ರ ‘ಆ್ಯಕ್ವಲಂಗ್’ ಪರಿಕಲ್ಪನೆಯ (ಒಂದೇ ವಿಷಯದ ಸುತ್ತ ಕಟ್ಟಿದ) ಆಲ್ಬಂ ಅಲ್ಲವೆಂದು ಬ್ಯಾಂಡಿನ ಮುಖಂಡ ಇಯಾನ್ ಆ್ಯಂಡರ್ಸನ್ ಹೇಳುತ್ತಲೇ ಬಂದಿದ್ದಾರೆ, ಕೇಳಿದರೆ ಅವರ ಮಾತು ನಿಜವೆನಿಸುತ್ತದೆ. ಜನ ಒಪ್ಪದಿದ್ದಾಗ ಅಂಥ ಆಲ್ಬಂಗಳ ಅಣಕವಾಗಿ 1972ರಲ್ಲಿ ‘ಥಿಕ್ ಆ್ಯಸ್ ಎ ಬ್ರಿಕ್’ ಮಾಡಿದರು: ಎರಡೂ ಮಗ್ಗುಲು ಸೇರಿ ಒಂದೇ ಹಾಡು, 43 ನಿಮಿಷಕ್ಕೂ ಹೆಚ್ಚು. ಅಣಕವೆಂದು ಹೊರಟದ್ದು ಆ ಪ್ರಕಾರದ ಅತ್ಯುತ್ತಮ ಕೃತಿಗಳಲ್ಲಿ ಒಂದಾಯಿತು, ಏಕೆಂದರೆ ಅಕೌಸ್ಟಿಕ್ ಗಿಟಾರ್‌ನ ಆ ಮೊದಲ ರಾಗ ಎಷ್ಟೆಲ್ಲ ವೇಷ ತೊಟ್ಟು ಕೊನೆಗೆ ಮನೆ ಸೇರುತ್ತದೆ! ಕಲಾವಿದರ ಉದ್ದೇಶವನ್ನು ಗೌರವಿಸಿ, ತೀರ್ಪನ್ನು ಮಾತ್ರ ಕಿವಿಗೆ ಬಿಡಿ.

ಕ್ವೀನ್ ಪ್ರೋಗ್ ಬ್ಯಾಂಡಲ್ಲ. 1975ರ ‘ಬೊಹೀಮಿಯನ್ ರಾಪ್ಸಡಿ’ಯಲ್ಲಿ ಕೋರಸ್ಸೇ ಇಲ್ಲ, 5 ನಿಮಿಷ 55 ಸೆಕೆಂಡಿನೊಳಗೆ ಲಾವಣಿಯಂಥ ನಿಧಾನದ ಹಾಡು, ಒಪೆರಾ, ಹಾರ್ಡ್ ರಾಕ್ ಎಲ್ಲವೂ ಇವೆ. ಆ ಹಾಡನ್ನೂ, 1974ರ ‘ಕ್ವೀನ್ 2’ ಆಲ್ಬಂನ ‘ದ ಮಾರ್ಚ್ ಆಫ್ ದ ಬ್ಲ್ಯಾಕ್ ಕ್ವೀನ್’ ಅನ್ನೂ ಬಿಡಿ ರಚನೆಗಳಾಗಿ ಸೇರಿಸಲು ನನಗೆ ಅಡ್ಡಿಯಿಲ್ಲ. ಅಷ್ಟಕ್ಕೆ ಇಡೀ ಬ್ಯಾಂಡನ್ನು ಎಳೆದು ತರಬೇಡಿ. ರೇಡಿಯೊಹೆಡ್‌ಗೂ ಇದೇ ಉತ್ತರ. 1997ರ ‘ಪ್ಯಾರನಾಯ್ಡ್ ಆಂಡ್ರಾಯ್ಡ್’ ಪ್ರತ್ಯೇಕ ಭಾಗಗಳ ಆರು ನಿಮಿಷದ ರಚನೆ, ನಿಧಾನದ ಭಾಗವನ್ನು ಕಿತ್ತರೆ ಹಾಡು ಸಾಯುತ್ತದೆ. ಆದರೆ ‘ಓಕೆ ಕಂಪ್ಯೂಟರ್’ನ ಉಳಿದ ಹಾಡುಗಳ ಬಲ ಬೇರೆ ಕಡೆಯಿದೆ: ದನಿಯ ಮೈವಳಿಕೆಯಲ್ಲಿ, ಗಾಯಕ ಥಾಮ್ ಯಾರ್ಕ್ ಅವರ ಕಂಠದಲ್ಲಿ. ಅವುಗಳ ಒಳಗಟ್ಟು ಬಹುಮಟ್ಟಿಗೆ ಹಾಡಿನದೇ.

ರೇಡಿಯೊಹೆಡ್ ಇನ್ನೊಂದು ಪ್ರಶ್ನೆಯನ್ನು ಎಳೆದು ತರುತ್ತದೆ. ನಿಮ್ಮ ಜಗಳದಲ್ಲಿ ಒಬ್ಬರು ‘ಇದು ಆ ಪರಂಪರೆಗೆ ಸೇರಿದ್ದೇ?’ ಎಂದು ಕೇಳುತ್ತಿದ್ದು, ಇನ್ನೊಬ್ಬರು ‘ಇದು ಸಂಗೀತವನ್ನು ಮುಂದೊಯ್ಯುತ್ತದೆಯೇ?’ ಎಂದು ಕೇಳುತ್ತಿರಬಹುದು. ಎರಡಕ್ಕೂ ಒಂದೇ ಉತ್ತರ ಬರಬೇಕಿಲ್ಲ. ಮರಿಲಿಯನ್ ಬ್ಯಾಂಡು 1982ರಲ್ಲಿ ಹೊರತಂದ 17 ನಿಮಿಷದ ‘ಗ್ರೆಂಡೆಲ್’ ಕೇಳಿದರೆ ‘ಸಪರ್ಸ್ ರೆಡಿ’ಯ ಹೆಜ್ಜೆಗುರುತು ಎದ್ದು ಕಾಣುತ್ತದೆ. ಸ್ವೀಡನ್ನಿನ ಎಂಗ್ಲಾಗೋರ್ಡ್ ಬ್ಯಾಂಡು 1992ರ ‘ಹೈಬ್ರಿಸ್’ನಲ್ಲಿ ಇಪ್ಪತ್ತು ವರ್ಷ ಹಿಂದಿನ ಮೆಲೊಟ್ರಾನ್, ಹ್ಯಾಮಂಡ್ ಆರ್ಗನ್‌ಗಳನ್ನೇ ಮತ್ತೆ ಹೊರತೆಗೆಯಿತು. ಇವರು ಹೊಸ ನೆಲವನ್ನು ಕಂಡುಹಿಡಿದವರಲ್ಲ. ಆದರೂ ಪ್ರೋಗ್ ಅಲ್ಲ ಎನ್ನುವುದು ಹಠ. ‘ಹೈಬ್ರಿಸ್’ ನನಗೆ ಬಹಳ ಪ್ರಿಯವಾದ ಆಲ್ಬಂ. ಅತ್ತ ಟಾಕ್ ಟಾಕ್ ಬ್ಯಾಂಡಿನ 1988ರ ‘ಸ್ಪಿರಿಟ್ ಆಫ್ ಈಡನ್’ ರಾಕ್ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನೇ ಬದಲಿಸಿತು, ಆದರೆ ಅದರ ದಾರಿ ಮೌನದ್ದು, ಬಿಡಿ ಸ್ವರಗಳದ್ದು. ಆ ಪರಂಪರೆಯ ಋಣ ಅದರ ಮೇಲೆ ಕಾಣಿಸುವುದಿಲ್ಲ. ಅದನ್ನು ಹೊರಗಿಡುತ್ತೇನೆ. ಹೊರಗಿಟ್ಟದ್ದು ಕೀಳೆಂದಲ್ಲ. ಒಳಗಿರುವುದೆಲ್ಲ ಶ್ರೇಷ್ಠವೂ ಅಲ್ಲ: ಯೆಸ್‌ನ 1973ರ ‘ಟೇಲ್ಸ್ ಫ್ರಮ್ ಟೋಪೊಗ್ರಾಫಿಕ್ ಓಷನ್ಸ್’ ನಾಲ್ಕು ಮಗ್ಗುಲು, ನಾಲ್ಕೇ ರಚನೆಗಳ ಅಪ್ಪಟ ಪ್ರೋಗ್. ಅದರ ನಡುವಿನ ಎರಡು ಮಗ್ಗುಲುಗಳಲ್ಲಿ ಸರಕಿಗಿಂತ ಜಾಗ ಹೆಚ್ಚಾಯಿತೆಂದೇ ನನ್ನ ಅಭಿಪ್ರಾಯ.

ನನ್ನ ಪಟ್ಟಿಯಲ್ಲಿ ‘ಡಿಸಿಪ್ಲಿನ್’ಗೆ ವಿಶೇಷ ಸ್ಥಾನವಿರುವುದು ಎರಡೂ ಪ್ರಶ್ನೆಗಳಿಗೆ ಅದು ಹೌದು ಎನ್ನುವುದರಿಂದ. ಏಳು ವರ್ಷಗಳ ಹಿಂದೆ ನಿಲ್ಲಿಸಿದ್ದ ಕಿಂಗ್ ಕ್ರಿಮ್ಸನ್ ಹೆಸರನ್ನು ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಮತ್ತೆ ಎತ್ತಿಕೊಂಡಾಗ ಹಳೆಯ ದನಿಯನ್ನು ಒಂದಿಷ್ಟೂ ತರಲಿಲ್ಲ. ಫ್ರಿಪ್ ಮತ್ತು ಏಡ್ರಿಯನ್ ಬೆಲ್ಯೂ ಅವರ ಎರಡು ಗಿಟಾರ್‌ಗಳು ಒಂದೇ ಸ್ವರಗುಚ್ಛವನ್ನು ಹಿಡಿಯುತ್ತವೆ. ‘ಫ್ರೇಮ್ ಬೈ ಫ್ರೇಮ್’ನಲ್ಲಿ ಒಂದು ಗಿಟಾರ್ ಏಳರ ಚಕ್ರದಲ್ಲಿ ಹೋಗುತ್ತಿದ್ದರೆ ಇನ್ನೊಂದು ಒಂದು ಸ್ವರವನ್ನು ಬಿಟ್ಟು ಸುತ್ತುತ್ತದೆ. ಸುತ್ತಿನಿಂದ ಸುತ್ತಿಗೆ ಅವು ದೂರವಾಗುತ್ತಾ ಹೋಗಿ, ತಿರುಗಿ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ದೊಡ್ಡ ರಚನೆಯ ಹೊರಡುವ ಮರಳುವ ಕೆಲಸ ಇಲ್ಲಿ ಕೆಲವೇ ಸೆಕೆಂಡುಗಳಲ್ಲಿ ನಡೆದುಹೋಗುತ್ತದೆ.

ಉಳಿದ ಗಡಿಗಳನ್ನು ಬೇಗ ಮುಗಿಸುತ್ತೇನೆ. ಜರ್ಮನಿಯ ನೋಯ್ ಬ್ಯಾಂಡಿನ 1972ರ ‘ಹಲೋಗಲೋ’ ಹತ್ತು ನಿಮಿಷ ಒಂದೇ ಲಯದಲ್ಲಿ ಸಾಗುತ್ತದೆ. ಬದಲಾಗದಿರುವುದೇ ಅದರ ಸೊಗಸು, ಹಾಗಾಗಿ ಅದು ಪ್ರೋಗ್‌ನ ಎದುರು ದಿಕ್ಕು. ಫ್ರಾನ್ಸಿನ ಮಾಗ್ಮಾ ತನ್ನದೇ ಕೊಬಾಯನ್ ಎಂಬ ಕಲ್ಪಿತ ಭಾಷೆಯಲ್ಲಿ ಹಾಡಿತು, ಬೇರೆ ಯಾರಂತೆಯೂ ಕೇಳುವುದಿಲ್ಲ, ಆದರೆ ರಚನೆಯ ಪರೀಕ್ಷೆಯಲ್ಲಿ ಸಲೀಸಾಗಿ ಗೆಲ್ಲುತ್ತದೆ. ಒಳಗೆ. ಮಹಾವಿಷ್ಣು ಆರ್ಕೆಸ್ಟ್ರಾದ ಬೆಸ ತಾಳಗಳು ಎಂಥವರನ್ನೂ ಬೆರಗುಗೊಳಿಸುತ್ತವೆ, ಆದರೂ ಬಹುತೇಕ ಕಡೆ ಅಲ್ಲಿರುವುದು ಜಾಝ್‌ನ ಕ್ರಮ: ಮುಖ್ಯ ರಾಗ, ಸರದಿಯ ಸೋಲೋಗಳು, ಮತ್ತೆ ರಾಗ. ನಾನು ಅದನ್ನು ಜಾಝ್ ಮತ್ತು ರಾಕ್ ಬೆರೆತ ಫ್ಯೂಷನ್‌ನಲ್ಲಿಯೇ ಬಿಡುತ್ತೇನೆ. ಸಾಫ್ಟ್ ಮಷಿನ್‌ನ 1970ರ ‘ಥರ್ಡ್’ ಒಳಗೆ, ಅದರ ಮುಂದಿನ ವರ್ಷಗಳು ಜಾಝ್ ಕಡೆಗೆ. ಮೆಟಲ್ ಎಂಬ ಕಾರಣಕ್ಕೆ ಯಾರನ್ನೂ ತಳ್ಳಬೇಡಿ. ಡ್ರೀಮ್ ಥಿಯೇಟರ್‌ನ 1992ರ ‘ಇಮೇಜಸ್ ಅಂಡ್ ವರ್ಡ್ಸ್’, ಓಪೆತ್‌ನ 2001ರ ‘ಬ್ಲ್ಯಾಕ್‌ವಾಟರ್ ಪಾರ್ಕ್’ ಎರಡೂ ಸೇರಲಿ. ಇಟಲಿಯನ್ನು ಮಾತ್ರ ದಯವಿಟ್ಟು ಮರೆಯಬೇಡಿ: ಪ್ರೆಮಿಯಾತಾ ಫೋರ್ನೆರಿಯಾ ಮಾರ್ಕೋನಿ, ಬಾಂಕೊ ದೆಲ್ ಮುತುವೊ ಸೊಕ್ಕೊರ್ಸೊ, ಲೆ ಓರ್ಮೆ ಇಲ್ಲದ ಪ್ರೋಗ್ ಪಟ್ಟಿ ನನ್ನ ಕಣ್ಣಿಗೆ ಅರ್ಧ ಪಟ್ಟಿ.

ಇನ್ನು ಕೆಲಸಕ್ಕೆ ಬನ್ನಿ. ಬ್ಯಾಂಡಿನ ಹೆಸರಿನ ಪಕ್ಕದಲ್ಲಿ ಇಸವಿಗೂ ಆಲ್ಬಂಗೂ ಒಂದೊಂದು ಅಂಕಣ ಎಳೆಯಿರಿ. ಪರಂಪರೆಗೆ ಒಂದು ಗುರುತು, ರಚನೆಗೆ ಒಂದು ಗುರುತು ಹಾಕಿ. ರಚನೆಯ ಗುರುತು ಇಲ್ಲದ್ದನ್ನು ಸೇರಿಸಬೇಡಿ, ಪರಂಪರೆಯ ಗುರುತು ಮಾತ್ರ ಇಲ್ಲದ್ದನ್ನು ಬೇರೆ ಹಾಳೆಯಲ್ಲಿಟ್ಟುಕೊಳ್ಳಿ. ಶುರುಮಾಡಲು ವ್ಯಾನ್ ಡರ್ ಗ್ರಾಫ್ ಜನರೇಟರ್‌ನ 1971ರ ‘ಪಾನ್ ಹಾರ್ಟ್ಸ್’ ಆರಿಸಿ. ಗಿಟಾರ್ ಎಲ್ಲೋ ಅಪರೂಪಕ್ಕೆ, ಮುಂದೆ ನಿಂತಿರುವುದು ಆರ್ಗನ್ ಮತ್ತು ಸ್ಯಾಕ್ಸೊಫೋನ್. ಅದರ ಕೊನೆಯ ರಚನೆ ‘ಎ ಪ್ಲೇಗ್ ಆಫ್ ಲೈಟ್‌ಹೌಸ್ ಕೀಪರ್ಸ್’ ಹತ್ತು ಭಾಗಗಳಲ್ಲಿ 23 ನಿಮಿಷ ಸಾಗುತ್ತದೆ. ಇಬ್ಬರೂ ಬೇರೆ ಬೇರೆ ಕುಳಿತು ಕೇಳಿ, ಯಾವ ಭಾಗವನ್ನು ಕಿತ್ತರೆ ಉಳಿದದ್ದು ನಿಲ್ಲುತ್ತದೆ, ಯಾವುದನ್ನು ಕಿತ್ತರೆ ಬೀಳುತ್ತದೆ ಎಂದು ಬರೆದಿಡಿ. ಆಮೇಲೆ ಹಾಳೆಗಳನ್ನು ಅದಲುಬದಲು ಮಾಡಿಕೊಳ್ಳಿ.